ಬೆಳಗಿನ ಜಾವಕ್ಕೆ ಕರಗುವ ಕಾಳು

ರುಕ್ಮಿಣಿಬಾಯಿ ಯಾವುದನ್ನೂ ಬಿಚ್ಚಿ ನೋಡದೆ ಬಿಡುತ್ತಿರಲಿಲ್ಲ. ಹೊಸ ಸ್ಟೋವ್ ತಂದರೆ ಮೊದಲು ಅದರ ಬತ್ತಿಯನ್ನೆಲ್ಲ ಹೊರಗೆಳೆದು, ಸೀಮೆಎಣ್ಣೆ ಕೆಳಗಿನಿಂದ ಮೇಲಕ್ಕೆ ಹೇಗೆ ಏರುತ್ತದೆ ಎಂದು ನೋಡಬೇಕು, ಆಮೇಲೆ ಹಚ್ಚಬೇಕು. ಗಂಡನ ಕೈಗಡಿಯಾರ ನಿಂತಾಗ ಅದರ ಬೆನ್ನಿನ ಮುಚ್ಚಳ ತೆಗೆದರು. ಗಡಿಯಾರ ಮತ್ತೆ ನಡೆಯಲಿಲ್ಲ. ಆದರೆ "ಒಳಗ ಕೂದಲೆಳಿಯಂಥ ಸುರುಳಿ ಅದ, ಅಂಬುಜಾ. ಅದೇ ಉಸಿರಾಡ್ತದ" ಎಂದು ವಾರವಿಡೀ ನನ್ನ ಮುಂದೆ ಹೇಳಿದರು. ಗಡಿಯಾರ ಹಾಳಾದದ್ದಕ್ಕೆ ಅವರಿಗೆ ದುಃಖವೇ ಇರಲಿಲ್ಲ.

ಶಹಾಬಾದಿನ ಹಳೇ ಊರಿನಲ್ಲಿ ಪ್ರಾಣದೇವರದು, ಅಂದರೆ ಹನುಮಂತನದು, ಒಂದು ಸಣ್ಣ ಗುಡಿ ಇದೆ. ಗುಡಿಗೆ ಬೆನ್ನು ಹಚ್ಚಿ ಅವರ ಮನೆ. ರುಕ್ಮಿಣಿಬಾಯಿಯ ಗಂಡ ಆನಂದತೀರ್ಥಾಚಾರ್ಯರು ಅಲ್ಲಿ ಪೂಜೆ ಮಾಡುತ್ತಿದ್ದರು. ಒಬ್ಬಳೇ ಮಗಳು, ಅವಳನ್ನು ಚಿತ್ತಾಪುರಕ್ಕೆ ಕೊಟ್ಟಿದ್ದರು. ಕಾಗಿಣಾ ದಂಡೆಯಲ್ಲಿ ನಮ್ಮದೊಂದು ತುಂಡು ಹೊಲ ಇತ್ತು. ಅಲ್ಲಿ ತುಳಸಿ, ಸೇವಂತಿಗೆ ಬೆಳೆದು ದಿನಾ ಬೆಳಗಾಗುವ ಮೊದಲೇ ಗುಡಿಯ ಕಟ್ಟೆಗೆ ಬುಟ್ಟಿ ತಂದಿಡುವುದು ನನ್ನ ಕೆಲಸ. ಹಾಗಾಗಿ ನಾನು ಬರೆಯುತ್ತಿರುವುದು ಹೆಚ್ಚಾಗಿ ಆ ಕಟ್ಟೆಯ ಮೇಲೆ ನಿಂತು ಕಂಡದ್ದು, ಕೇಳಿದ್ದು. ರುಕ್ಮಿಣಿಬಾಯಿ ನನಗೆ ಬಾಯಾರು. ಅವರು ಮಡಿಯಲ್ಲಿದ್ದರೆ ನಾನು ಒಂದು ಮಾರು ದೂರ. ಮಡಿ ಬಿಟ್ಟ ಮೇಲೆ ಇಬ್ಬರೂ ಒಂದೇ ಕಂಬಕ್ಕೆ ಒರಗಿ ಕೂತು ಮಾತಾಡುತ್ತಿದ್ದೆವು.

ಕಿಲ್ಲಾರಿ ಭೂಕಂಪ ಆಯಿತಲ್ಲ, ಅದರ ಮರುವರ್ಷ ಆಚಾರ್ಯರಿಗೆ ದಮ್ಮು ಜೋರಾಯಿತು. ಅದು ಎಂಥ ದಮ್ಮು ಎಂದರೆ, ಹಗಲಿಡೀ ಇರುತ್ತಿರಲಿಲ್ಲ. ಮಧ್ಯಾಹ್ನ ಪೇಟೆಗೆ ಹೋಗಿ ಬರುತ್ತಿದ್ದರು. ಸಂಜೆ ಕಟ್ಟೆಯ ಮೇಲೆ ಕೂತು ಹೋದ ಬಂದವರಿಗೆಲ್ಲ ಪುರಾಣ ಹೇಳುತ್ತಿದ್ದರು. ರಾತ್ರಿ ಚೆನ್ನಾಗಿಯೇ ಮಲಗುತ್ತಿದ್ದರು. ಬೆಳಗಿನ ಜಾವ ಆಗುತ್ತಲೂ ಎದೆ ಕಟ್ಟುತ್ತಿತ್ತು. ಕಮ್ಮಾರನ ತಿದಿ ಒತ್ತಿದ ಹಾಗೆ ಸುಂಯ್ ಸುಂಯ್ ಸದ್ದು ನನಗೆ ಹೊರಗಿನ ಕಟ್ಟೆಗೆ ಕೇಳಿಸುತ್ತಿತ್ತು. ಮಂತ್ರ ಶುರುಮಾಡಿ ಅರ್ಧಕ್ಕೆ ನಿಲ್ಲುವರು, ಗರ್ಭಗುಡಿಯ ಹೊಸ್ತಿಲು ಹಿಡಿದು ಕೂರುವರು. ಬಿಸಿಲು ಮೇಲೆ ಬರುವ ಹೊತ್ತಿಗೆ ಏನೂ ಆಗದವರಂತೆ ಎದ್ದು ಓಡಾಡುವರು.

ಇದರಲ್ಲಿ ದೊಡ್ಡ ಗಂಡಾಂತರ ಇತ್ತು. ಗುಡಿಯ ಪೂಜೆ ಅವರ ಮನೆತನದ್ದು, ಆದರೆ ಅವರೊಬ್ಬರದೇ ಅಲ್ಲ. ಸೇಡಮ್ಮಿನಲ್ಲಿದ್ದ ಚಿಕ್ಕಪ್ಪನ ಮಗ ವಿಠ್ಠಲಾಚಾರ್ಯರಿಗೂ ಹಕ್ಕು ಇತ್ತು. ಹಿರಿಯರು ಮಾಡಿಟ್ಟ ನೇಮ ಹೀಗಿತ್ತು: ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮೊದಲು, ಒಂದು ದಿನವೂ ತಪ್ಪದೆ, ಸ್ವಂತ ಬಾಯಿಂದ ಮಂತ್ರ ಹೇಳಿ ಪೂಜೆ ಮುಗಿಸಿದವನಿಗೆ ಗುಡಿಯ ಪೂಜೆಯ ಪಾಳಿ. ತಪ್ಪಿದರೆ ಪಾಳಿ ಇನ್ನೊಂದು ಮನೆಗೆ. ಪಾಳಿ ಹೋದರೆ ಗುಡಿಯ ಹಿಂದಿನ ಮನೆಯೂ ಹೋಗುತ್ತದೆ, ಅದು ಪಾಳಿಯವರ ಮನೆ. ಧನುರ್ಮಾಸ ಎಂದರೆ ಥಂಡಿ ಹೆಚ್ಚಿರುವ ತಿಂಗಳು, ಪೂಜೆ ಎಲ್ಲಕ್ಕಿಂತ ಮುಂಚೆ ಆಗಬೇಕಾದ ತಿಂಗಳು. ಆಚಾರ್ಯರ ಎದೆ ಕಟ್ಟುವುದೂ ಸರಿಯಾಗಿ ಅದೇ ಹೊತ್ತಿಗೆ.

ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಕಲ್ಲಿನ ಧೂಳು ಅಂದರು ಕೆಲವರು. ಶಹಾಬಾದ್ ಅಂದರೆ ನೆಲಕ್ಕೆ ಹಾಸುವ ಪರಸಿ ಕಲ್ಲು, ಭಂಕೂರಿನ ಕಡೆಯೆಲ್ಲ ಗಣಿ. ಅದಕ್ಕೆ ರುಕ್ಮಿಣಿಬಾಯಿ ಒಪ್ಪಲಿಲ್ಲ.

"ಧೂಳ ಯಾವಾಗ ಏಳ್ತದ? ಹಗಲಿ ಕಲ್ಲು ಕೊಯ್ಯೋವಾಗ. ಆವಾಗ ನೀ ಕೆಮ್ತೀ, ನಾ ಕೆಮ್ತೀನಿ. ಇವ್ರಿಗೆ ಏನೂ ಇಲ್ಲ. ಮಷೀನು ನಿಂತು, ಧೂಳ ಕೂತು, ಗಾಳಿ ತೊಳದಂಗ ಆದ ಹೊತ್ತಿನಾಗ ಇವ್ರಿಗೆ ದಮ್ಮು. ಹಂಗಾದ್ರ ಧೂಳಿಂದು ಹ್ಯಾಂಗ ಆಯ್ತು?"

"ಥಂಡಿ ಇರಬೇಕ್ರಿ ಬಾಯಾರ" ಅಂದೆ.

"ಬ್ಯಾಸಗ್ಯಾಗೂ ಬಂತಲ್ಲ. ಬ್ಯಾಸಗಿ ಜಾವದಾಗ ಏನು ಥಂಡಿ?"

ಅವರಿಗೆ ಉತ್ತರ ಬೇಕೇ ಬೇಕಾಗಿತ್ತು. ವಾಡಿ ಸ್ಟೇಷನ್ನಿನ ಹತ್ತಿರ ಡಾಕ್ಟರ್ ಬಸವಂತರಾಯರ ದವಾಖಾನೆ ಇತ್ತು. ನನ್ನ ತಂಗಿಯನ್ನು ವಾಡಿಗೇ ಕೊಟ್ಟಿದ್ದರಿಂದ ನಾನೂ ಜೊತೆಗೆ ಹೊರಟೆ. ಪ್ಯಾಸೆಂಜರ್ ಗಾಡಿಯಲ್ಲಿ ಆಚಾರ್ಯರು ಕಿಟಕಿಗೆ ಕೂತು ಎಲ್ಲರ ಜೊತೆ ನಗುತ್ತ ಮಾತಾಡುತ್ತ ಬಂದರು. ನೋಡಿದವರು ಇವರು ರೋಗಿ ಎಂದು ನಂಬುವಂತಿರಲಿಲ್ಲ.

ಡಾಕ್ಟರು ನಮ್ಮ ಕಡೆಯವರೇ, ಹೊಳೆದಂಡೆಯ ಮನೆಯವರು. ಮಾತು ಕಮ್ಮಿ, ಹಾಸ್ಯ ಜಾಸ್ತಿ. ಬಾಯಾರು ಹೇಳಿದ್ದನ್ನೆಲ್ಲ ಕೇಳಿದರು. ಎದೆಗೆ ನಳಿಗೆ ಇಟ್ಟು ನೋಡಿದರು.

"ಆಚಾರ್ರ, ಇದು ನಿಮ್ದೊಬ್ರದಲ್ಲರಿ. ಎಲ್ಲಾರ ಎದಿಯೊಳಗಿನ ನಾಳ ಜಾವದ ಹೊತ್ತಿಗೆ ಜರಾ ಬಿಗೀತಾವ. ನಮಗ ತಿಳಿಯಂಗಿಲ್ಲ. ದಮ್ಮು ಇದ್ದವ್ರಿಗೆ ತಿಳೀತದ. ಮೈಯೊಳಗೂ ಒಂದು ಟಾಯಮ್ ಅದ, ಈ ವಾಡಿ ಸ್ಟೇಷನ್ ಇದ್ದಂಗ. ಯಾವ ಹೊತ್ತಿಗೆ ಯಾವ ಗಾಡಿ ಅಂತ ಒಳಗ ಬರದಿಟ್ಟದ."

"ಯಾರು ಬರದಿಟ್ಟಾರ?" ರುಕ್ಮಿಣಿಬಾಯಿ ಕೇಳಿದರು.

"ಅದು ನಿಮ್ಮ ಯಜಮಾನ್ರನ್ನ ಕೇಳ್ರಿ. ಅದು ಅವ್ರ ಖಾತೆ, ನಂದಲ್ಲ."

ಆಚಾರ್ಯರು ನಕ್ಕುಬಿಟ್ಟರು. ಬಾಯಾರು ನಗಲಿಲ್ಲ. "ಮಲಗೋ ಮುಂದ ಗುಳಿಗಿ ಕೊಟ್ಟು ನೋಡೇವ್ರಿ. ಅದರಿಂದ ಜಾವಕ್ಕೇನೂ ಆಗಂಗಿಲ್ಲ."

"ಹ್ಯಾಂಗ ಆಗ್ತದ? ಅದು ಆಗಿಂದಾಗ ಕರಗಿ, ಜಾವ ಬರೋದ್ರೊಳಗ ತೀರಿ ಹೋಗಿರ್ತದ. ಗಾಡಿ ಬರೋಕಿಂತ ಮೊದಲೇ ಟಾಂಗಾದಂವ ಬಂದು ಹೋದಂಗ. ಈಗ ಬ್ಯಾರೆ ಬಂದದ. ಸಂಜಿ ಫಲಾರದ ಜೋಡಿ ನುಂಗಿಬಿಡ್ರಿ. ಅದು ಸಾವಕಾಶ ಬಿಟ್ಟುಕೋತ ಹೋಗಿ, ಜಾವದ ಹೊತ್ತಿಗೆ ಪೂರಾ ಕೆಲಸಕ್ಕ ಬರ್ತದ."

"ಹೊಟ್ಟಿಯೊಳಗ ಕತ್ತಲಿ ಇರ್ತದಲ್ಲರಿ. ಜಾವ ಆಯ್ತಂತ ಅದಕ್ಕ ಹ್ಯಾಂಗ ತಿಳೀತದ?"

"ಬಾಯಾರ, ಹೊರಗ ಭಾಳ ಮಂದಿ ನಿಂತಾರ" ಎಂದು ಡಾಕ್ಟರು ಚೀಟಿ ಕೊಟ್ಟು ಕೈ ಮುಗಿದರು.

ಆ ಪ್ರಶ್ನೆಯನ್ನು ಬಾಯಾರು ಗಾಡಿಯಲ್ಲಿ ಹೊತ್ತುಕೊಂಡೇ ಊರಿಗೆ ಬಂದರು. ಸ್ಟೇಷನ್ನಿನಿಂದ ನೇರ ಮಶಾಕನ ಔಷಧದ ಅಂಗಡಿಗೆ. ಮಶಾಕ ಚೀಟಿ ನೋಡಿ, ಒಳಗಿಂದ ಒಂದು ಪಟ್ಟಿ ತೆಗೆದುಕೊಟ್ಟ. ಗುಳಿಗೆ ಅಲ್ಲ, ಕ್ಯಾಪ್ಸೂಲು. ಒಂದು ಕಡೆ ಟೋಪಿ, ಒಂದು ಕಡೆ ಅಂಗಿ ತೊಟ್ಟ ಹಾಗೆ, ಒಳಗೆ ಸಣ್ಣ ಸಣ್ಣ ಬಿಳಿ ಕಾಳು ಕಾಣುತ್ತಿದ್ದವು.

"ಮಶಾಕಣ್ಣ, ಈ ಟೋಪಿ ಯಾತರದಪ್ಪ?"

ಮಶಾಕ ತಲೆ ಕೆರೆದುಕೊಂಡ. "ಬಾಯಿ, ಖರೆ ಹೇಳ್ಲ್ಯೋ, ಸಮಾಧಾನ ಹೇಳ್ಲ್ಯೋ?"

"ಖರೆ ಹೇಳು."

"ಎಲುವು ಕುದಿಸಿ ಮಾಡ್ತಾರಂತ. ಯಾವುದರ ಎಲುವು ಅಂತ ಕೇಳಬ್ಯಾಡ್ರಿ, ನಾನೂ ಕೇಳಿಲ್ಲ. ಕೇಳಿದ್ರ ನಾನೂ ನುಂಗಂಗಿಲ್ಲ, ನೀವೂ ನುಂಗಂಗಿಲ್ಲ, ದುಕಾನ ಬಂದ್ ಮಾಡಬೇಕಾಗ್ತದ."

ಆಚಾರ್ಯರು ಪಟ್ಟಿಯನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು. "ನಡಿ ಇವಳೇ. ನಮಗಲ್ಲ ಇದು."

ರುಕ್ಮಿಣಿಬಾಯಿ ಸರಿಯಲಿಲ್ಲ. "ಒಳಗಿನ ಕಾಳಿನಾಗೂ ಎಲುವು ಅದ ಏನು?"

"ಇಲ್ಲ ಬಾಯಿ. ಒಳಗಿಂದು ದವಾ."

"ಹಂಗಾದ್ರ ಟೋಪಿ ನೀ ಇಟ್ಕೋ, ಕಾಳು ನಾವು ಒಯ್ತೀವಿ" ಎಂದು ಸೆರಗಿನ ತುದಿಯಿಂದಲೇ ಪಟ್ಟಿ ಎತ್ತಿಕೊಂಡರು. ಮಶಾಕ ನಕ್ಕ. "ಟೋಪಿ ಹಾಕೋದು ನಮ್ಮ ಮಂದಿಗೆ ಬಿಟ್ಟುಬಿಟ್ರಿ ಅನ್ರಿ."

ಆ ದಿನ ಸಂಜೆ ಅವರು ಟೋಪಿ ಬಿಚ್ಚಿ ಕಾಳನ್ನು ಬೆಳ್ಳಿ ಬಟ್ಟಲಿಗೆ ಸುರಿದರು. ಗಸಗಸೆಗಿಂತ ತುಸು ದಪ್ಪ. ನನಗೂ ದೂರದಿಂದ ತೋರಿಸಿದರು. ಆಮೇಲೆ ಅವರು ಮಾಡಿದ್ದು ಆ ಮನೆಯಲ್ಲಿ ತಲೆತಲಾಂತರದಿಂದ ಮಾಡುತ್ತ ಬಂದದ್ದನ್ನೇ. ಅವರ ಅತ್ತೆ ಬಿಟ್ಟುಹೋದ ಒಂದು ಔಷಧದ ಸಾಣೆಕಲ್ಲು ಇತ್ತು. ದೇವರ ಗಂಧದ ಕಲ್ಲು ಬೇರೆ, ಇದು ಬೇರೆ. ಬಜೆ, ಹಿಪ್ಪಲಿ, ಅಳಲೆಕಾಯಿ, ಕೂಸಿಗೆ ಬೇಕಾದ್ದು, ಬಾಣಂತಿಗೆ ಬೇಕಾದ್ದು, ಎಲ್ಲ ಅದರ ಮೇಲೆ ತೇಯ್ದು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುವುದು. "ತೇಯದ ಔಷಧ ಅರ್ಧ ಔಷಧ" ಎಂದು ಅತ್ತೆ ಹೇಳುತ್ತಿದ್ದರಂತೆ. ಪೇಟೆಯ ಗುಳಿಗೆ ತಂದರೂ ಆ ಮನೆಯಲ್ಲಿ ತೇಯ್ದೇ ಕೊಡುತ್ತಿದ್ದರು. ಹಾಗೆಯೇ ಆ ಕಾಳನ್ನೂ ಕಲ್ಲಿನ ಮೇಲೆ ಹಾಕಿ, ನುಣ್ಣಗೆ ಅರೆದು, ಜೇನಲ್ಲಿ ಕಲಸಿ ಆಚಾರ್ಯರ ನಾಲಿಗೆಗೆ ಹಚ್ಚಿದರು.

"ಕಹಿ ಅದ" ಎಂದು ಆಚಾರ್ಯರು ಮುಖ ಗಂಟಿಕ್ಕಿದರು.

"ಕಹಿ ಇದ್ರ ಗುಣ ಜಾಸ್ತಿ."

ದೀಪ ಹಚ್ಚಿದ ಮೇಲೆ ಸ್ವಲ್ಪ ಹೊತ್ತಿಗೆ ಆಚಾರ್ಯರ ಕೈ ನಡುಗಲು ಶುರುವಾಯಿತು. ನೀರಿನ ತಂಬಿಗೆ ಹಿಡಿಯಲು ಆಗಲಿಲ್ಲ. ಎದೆ ಡೊಳ್ಳು ಬಾರಿಸಿದ ಹಾಗೆ. ತಿಂದದ್ದೆಲ್ಲ ವಾಂತಿ. ಕಟ್ಟೆಯ ಮೇಲಿದ್ದ ನನ್ನನ್ನು ಬಾಯಾರು ಕೂಗಿದರು, ಮಡಿ ಮೈಲಿಗೆ ನೋಡದೆ ನಾನೂ ಒಳಗೆ ಹೋಗಿ ಆಚಾರ್ಯರ ಬೆನ್ನು ಹಿಡಿದು ಕೂತೆ. ಕಣ್ಣು ಮುಚ್ಚಲಿಲ್ಲ ಮನುಷ್ಯ. ಮತ್ತೆ ಜಾವದ ಹೊತ್ತಿಗೆ, ಆ ಅಬ್ಬರವೆಲ್ಲ ಇಳಿದು ಹೋದ ಮೇಲೆ, ದಿನದಂತೆ ತಿದಿಯ ಸದ್ದು ಶುರುವಾಯಿತು. ಎರಡನೆಯ ಸಲ ಕೊಟ್ಟಾಗಲೂ ಹಾಗೇ ಆಯಿತು. ಮೂರನೆಯ ಸಲಕ್ಕೆ ಆಚಾರ್ಯರು ಬಾಯಿ ತೆರೆಯಲಿಲ್ಲ.

"ವಿಷ ಕೊಟ್ಟಾನ ಆ ಡಾಕ್ಟರ. ದಮ್ಮಿಲೆ ಸತ್ರೂ ಚಿಂತಿಲ್ಲ, ಇದನ್ನ ಮುಟ್ಟಂಗಿಲ್ಲ."

ಸುದ್ದಿ ಸೇಡಮ್ಮಿಗೆ ಹೇಗೆ ಹೋಯಿತೋ, ವಿಠ್ಠಲಾಚಾರ್ಯರು ಬಂದೇಬಿಟ್ಟರು. ಕೆಟ್ಟವರೇನಲ್ಲ, ಮಾತು ಮಾತ್ರ ಸೂಜಿ. ಕಟ್ಟೆಯ ಮೇಲೆ ಕೂತು ಕಾಲು ತೊಳೆದುಕೊಳ್ಳುತ್ತಲೇ ಶುರುಮಾಡಿದರು.

"ಅಣ್ಣಾ, ಪ್ರಾಣದೇವರ ಪೂಜಾ ಮಾಡೋವ್ರಿಗೇ ಪ್ರಾಣ ಎಳೀಲಿಕತ್ರ ಮಂದಿ ಏನಂತಾರ?"

"ಏನಂತಾರ, ದಮ್ಮು ಬಂದದ ಅಂತಾರ."

"ಹಗಲೆಲ್ಲಾ ಗಟ್ಟಿ ಇರ್ತೀರಿ. ಪೂಜಾ ಹೊತ್ತಿಗಿ ಮಾತ್ರ ದಮ್ಮು. ಇದು ರೋಗ ಅಲ್ಲ, ದೇವರು ಬ್ಯಾಡ ಅಂತಾನ. ಧನುರ್ಮಾಸ ಬಂತು. ನಾ ಬಂದು ನಿಲ್ತೀನಿ. ನೀವು ಚಿತ್ತಾಪುರದಾಗ ಮಗಳ ಮನ್ಯಾಗ ಹಾಯಾಗಿರ್ರಿ."

ಬಾಯಾರು ಒಳಗಿಂದಲೇ ಹೇಳಿದರು:

"ವಿಠ್ಠಲಾ, ಧನುರ್ಮಾಸ ಇನ್ನೂ ಬಂದಿಲ್ಲ. ಬಂದಾಗ ಬಾ. ಈಗ ಊಟ ಮಾಡ್ಕೊಂಡು ಹೋಗು."

ವಿಠ್ಠಲಾಚಾರ್ಯರು ಉಂಡು ಹೋದ ಮೇಲೆ ಬಾಯಾರು ಕಂಬಕ್ಕೆ ಒರಗಿ ಕೂತರು. ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. "ಅಂಬುಜಾ, ಒಂದು ತಿಳೀಲಿಲ್ಲ. ವಿಷ ಇದ್ದಿದ್ರ ಮುಂಜಾನಿತನಕಾ ತ್ರಾಸ ಇರಬೇಕಾಗಿತ್ತು. ಸಂಜಿಗೆ ಬಂದು, ಮನಿ ತುಂಬಾ ದಾಂಧಲೆ ಮಾಡಿ, ಜಾವಕ್ಕ ಇಲ್ಲದಂಗ ಹೋತು. ಜಾವಕ್ಕ ಬರಬೇಕಾದ್ದು ಸಂಜಿಗೇ ಯಾಕ ಬಂತು?"

"ನಮ್ಮ ಆಚಾರ್ರಿಗೆ ಹೊಂದಲಿಲ್ಲ ಅಷ್ಟರಿ."

"ಹೊಂದೋದಲ್ಲ. ಹೊತ್ತು ತಪ್ಪ್ಯದ. ಯಾರು ತಪ್ಪಿಸಿದ್ರು ಅದನ್ನ?"

ಮರುದಿನವೇ ವಾಡಿಗೆ ಹೊರಟೆವು. ಈ ಸಲ ಆಚಾರ್ಯರಿಲ್ಲ, ನಾವಿಬ್ಬರೇ. ಡಾಕ್ಟರು ಎಲ್ಲ ಕೇಳಿ ಮುಖ ಗಂಭೀರ ಮಾಡಿಕೊಂಡರು. "ಹ್ಯಾಂಗ ಕೊಟ್ರಿ ಅದನ್ನ, ಮೊದಲಿಂದ ಹೇಳ್ರಿ."

ಬಾಯಾರು ಹೇಳುತ್ತ ಹೋದರು. ಟೋಪಿ ತೆಗೆದದ್ದು, ಬಟ್ಟಲಿಗೆ ಸುರಿದದ್ದು. ಅಲ್ಲಿಯವರೆಗೆ ಡಾಕ್ಟರು ತಲೆ ಆಡಿಸುತ್ತಿದ್ದರು. ಸಾಣೆಕಲ್ಲಿನ ಮಾತು ಬಂದ ಕೂಡಲೇ ಕುರ್ಚಿಯಿಂದ ಎದ್ದರು.

"ತೇಯ್ದ್ರೇನು?"

"ನುಣ್ಣಗ."

ಡಾಕ್ಟರು ಹಣೆ ಹಿಡಿದುಕೊಂಡು ಮತ್ತೆ ಕೂತರು. "ನುಂಗ್ರಿ ಅಂತ ಹೇಳಿದ್ದೆ. ತೇಯಬ್ಯಾಡ್ರಿ ಅಂತ ಹೇಳಿರಲಿಲ್ಲ. ತೇಯೋರು ಇದ್ದಾರಂತ ನನಗ ಹ್ಯಾಂಗ ಗೊತ್ತಾಗಬೇಕು? ಬಾಯಾರ, ಆಚಾರ್ರು ಉಳದದ್ದು ಅವ್ರ ಪುಣ್ಯ. ಇಡೀ ರಾತ್ರಿಗಂತ ಇಟ್ಟಿದ್ದನ್ನ ಒಂದೇ ಸಲಕ್ಕ ರಕ್ತದಾಗ ಬಿಟ್ಟೀರಿ. ಎದಿ ನಿಂತಿದ್ರ ಏನು ಮಾಡ್ತಿದ್ರಿ?"

ಬಾಯಾರ ಮುಖದ ಬಣ್ಣ ಇಳಿಯಿತು. ಡಾಕ್ಟರಿಗೆ ಪಾಪ ಅನ್ನಿಸಿತೋ ಏನೋ, ಒಂದು ಕ್ಯಾಪ್ಸೂಲು ಬಿಚ್ಚಿ ಕಾಳನ್ನು ಕಾಗದದ ಮೇಲೆ ಸುರಿದರು. ಹೊರಗೆ ಮಂದಿ ಇದ್ದರೂ ಈ ಸಲ ನಿಧಾನವಾಗಿ ಹೇಳಿದರು. ಪ್ರತಿ ಕಾಳಿಗೂ ಮೇಲೊಂದು ಪೊರೆ ಇದೆಯಂತೆ. ಕೆಲವಕ್ಕೆ ತೆಳು, ಕೆಲವಕ್ಕೆ ದಪ್ಪ. ತೆಳು ಪೊರೆಯದು ಬೇಗ ಔಷಧ ಬಿಡುತ್ತದೆ, ದಪ್ಪ ಪೊರೆಯದು ತಡವಾಗಿ. ಜಾವ ಆಯಿತೋ ಇಲ್ಲವೋ ಕಾಳಿಗೆ ಏನೂ ತಿಳಿಯದು. ಸಂಜೆ ಹೊಟ್ಟೆಗೆ ಬಿದ್ದರೆ ಪೊರೆ ದಾಟಿ ಔಷಧ ಹೊರಬರುವ ಹೊತ್ತಿಗೆ ಜಾವ ಆಗಿರುತ್ತದೆ, ಅಷ್ಟೆ. ಅದಕ್ಕೇ ಸಂಜೆಯೇ ನುಂಗಬೇಕು.

ಬಾಯಾರ ಕಣ್ಣು ದೊಡ್ಡದಾಯಿತು. ಅವರ ತವರು ಚಿಂಚೋಳಿ ಕಡೆ, ಚಂದ್ರಂಪಳ್ಳಿ ಕೆರೆಯ ಹತ್ತಿರ. "ಹಂಗಾದ್ರ ಇದು ನಮ್ಮ ಚಂದ್ರಂಪಳ್ಳಿ ಕೆರಿ ಇದ್ದಂಗ ಅದ. ನೀರು ತಡದು ನಿಲ್ಲಿಸಿರ್ತಾರ, ಬೇಕಾದಷ್ಟೇ ಬಿಟ್ಟುಕೋತ ಹೋಗ್ತಾರ. ನಾ ಏನು ಮಾಡೀನಿ? ಒಡ್ಡೇ ಒಡದೀನಿ."

"ಒಡ್ಡು ಒಡದು ಯಜಮಾನ್ರನ್ನ ತೇಲಿಸಿಬಿಟ್ಟಿದ್ರಿ" ಎಂದು ಡಾಕ್ಟರು ನಕ್ಕರು. "ಟೋಪಿ ಬ್ಯಾಡಂದ್ರ ಬ್ಯಾಡ. ಕಾಳು ಹಂಗೇ ತಣ್ಣನ ಮೊಸರಿನಾಗ ಹಾಕಿ ನುಂಗಲಿ. ಒಂದು ಕಾಳೂ ಒಡೀಬಾರದು, ಹಲ್ಲಿಗೆ ಸಿಗಬಾರದು. ಬಿಸಿದರಾಗ ಹಾಕಬ್ಯಾಡ್ರಿ. ಕೈ ನಡುಗಿದ್ರ ಆ ದಿನವೇ ನನ್ನ ಕಡೆ ಕರಕೊಂಡು ಬರ್ರಿ."

ಕೇಳಿದ್ದು ಸಾಕಾಗಲಿಲ್ಲ ಬಾಯಾರಿಗೆ. ಮನೆಗೆ ಬಂದು ಸಂಜೆ ಒಂದು ಬಟ್ಟಲು ನೀರಿಗೆ ಒಂದು ಕ್ಯಾಪ್ಸೂಲಿನ ಕಾಳು ಹಾಕಿ ಒಲೆಯ ಬಿಸಿಬೂದಿಯ ಪಕ್ಕ ಇಟ್ಟರು, ಹೊಟ್ಟೆಯಷ್ಟು ಬೆಚ್ಚಗಿರಲಿ ಎಂದು. ಆಗಲೇ ಬೆರಳ ತುದಿಗೆ ಒಂದು ಹನಿ ತೆಗೆದು ನಾಲಿಗೆಗೆ ಮುಟ್ಟಿಸಿದರು. "ಏನೂ ಇಲ್ಲ, ನೀರೇ." ಮರುದಿನ ಜಾವದಲ್ಲಿ ನಾನು ಹೂವು ತಂದಾಗ ಬಟ್ಟಲು ಹಿಡಿದುಕೊಂಡು ಕಾಯುತ್ತ ನಿಂತಿದ್ದರು. ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು. "ನೋಡು. ಒಂದು ಹನಿ ಹಚ್ಚಿ ನೋಡು, ಉಗುಳಿಬಿಡು."

ಬೇವಿನ ಕಷಾಯದಷ್ಟು ಕಹಿ. ಬಟ್ಟಲಲ್ಲಿ ಬಗ್ಗಿ ನೋಡಿದರೆ ಕಾಳುಗಳು ಹಾಗೇ ಇದ್ದವು, ಆದರೆ ಹುಳ ತಿಂದ ಜೋಳದ ಹಾಗೆ ಹಗುರ. ಒಂದನ್ನು ಬೆರಳಲ್ಲಿ ಒತ್ತಿದೆ. ಒಳಗೆ ಏನೂ ಇಲ್ಲ, ಬರೀ ಪೊರೆ.

"ಮನಿ ಹಂಗೇ ಅದ, ಮಂದಿ ಎದ್ದು ಹೋಗ್ಯಾರ" ಅಂದರು ಬಾಯಾರು. ಒಳಗೆ ಆಚಾರ್ಯರ ತಿದಿಯ ಸದ್ದು ನಡೆದೇ ಇತ್ತು. ಬಾಯಾರು ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಹೇಗೆ ಒಪ್ಪಿಸಿದರೋ, ಬಟ್ಟಲು ತೋರಿಸಿಯೇ ಒಪ್ಪಿಸಿರಬೇಕು. ಆ ಸಂಜೆ ಆಚಾರ್ಯರು ಮೊಸರಿಗೆ ಬಾಯಿ ತೆರೆದರು.

ಅದಕ್ಕೂ ಒಂದು ತಾಪತ್ರಯ ಇತ್ತು. ಆಚಾರ್ಯರಿಗೆ ಬಾಯಲ್ಲಿ ಏನು ಬಿದ್ದರೂ ಅಗಿಯುವ ಚಾಳಿ, ಪಾಯಸವನ್ನೂ ಅಗಿಯುತ್ತಿದ್ದರು. ಬಾಯಾರು ಎದುರು ಕೂತು "ಅಗೀಬ್ಯಾಡ್ರಿ, ಅಗೀಬ್ಯಾಡ್ರಿ, ನುಂಗ್ರಿ" ಎಂದು ಕೂಸಿಗೆ ಹೇಳಿದ ಹಾಗೆ ಹೇಳುವರು.

"ನೀ ಹಿಂಗ ಬಾಯಿ ನೋಡಿಕೋತ ಕೂತ್ರ ನನಗ ನುಂಗೋದೇ ಮರೀತದ."

"ಮರತ್ರ ಮರೀರಿ, ಅಗೀಬ್ಯಾಡ್ರಿ."

ಸ್ವಲ್ಪ ದಿನದಲ್ಲೇ ತಿದಿಯ ಸದ್ದು ಇಳಿಯಿತು. ಪೂರಾ ಹೋಗಲಿಲ್ಲ, ಇಳಿಯಿತು. ಧನುರ್ಮಾಸ ಬಂತು. ಚುಕ್ಕೆ ಇನ್ನೂ ಇರುವಾಗಲೇ ಆಚಾರ್ಯರ ದನಿ ಗುಡಿಯಿಂದ ಹೊರಗೆ ಕೇಳಿಸತೊಡಗಿತು. ಮೊದಲಿನ ಕಂಚಿನ ದನಿ ಅಲ್ಲ, ನಡುನಡುವೆ ತಡೆದು ಬರುವ ದನಿ. ಆದರೂ ಪೂರ್ತಿ ಆಗುತ್ತಿತ್ತು. ಒಳಗೆ ಹುಗ್ಗಿ ಬೇಯುವ ವಾಸನೆ. ನಾನು ಬುಟ್ಟಿ ಇಟ್ಟು ಮಂತ್ರ ಮುಗಿಯುವವರೆಗೆ ಅಲ್ಲೇ ನಿಂತಿರುತ್ತಿದ್ದೆ.

ಆಮೇಲೆ ಏಕಾದಶಿ ಬಂತು. ಅದರ ವಿಚಾರ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಅವರ ಮನೆಯಲ್ಲಿ ಏಕಾದಶಿ ಎಂದರೆ ಬೆಳಗಿನ ಒಂದು ತೀರ್ಥ ಬಿಟ್ಟರೆ ಹನಿ ನೀರೂ ಇಲ್ಲ. ಮೊಸರು ಇಲ್ಲ ಅಂದರೆ ಕಾಳೂ ಇಲ್ಲ. ಮರುದಿನ ದ್ವಾದಶಿಯ ಜಾವಕ್ಕೆ ಎದೆ ಮತ್ತೆ ಕಟ್ಟಿತು. ಆಚಾರ್ಯರು ಕೂತು, ಎದ್ದು, ಕಂಬ ಹಿಡಿದು, ಅಂತೂ ಸೂರ್ಯ ಹುಟ್ಟುವ ಮೊದಲು ಮುಗಿಸಿದರು. ಮುಗಿಸಿದ ಮೇಲೆ ಅರ್ಧ ದಿನ ಮಲಗಿದರು. ಮುಂದಿನದು ವೈಕುಂಠ ಏಕಾದಶಿ. ಅದರ ಮರುದಿನದ ದ್ವಾದಶಿಯ ಪೂಜೆ ಎಲ್ಲಕ್ಕಿಂತ ಉದ್ದ. ಅದಕ್ಕೆ ವಿಠ್ಠಲಾಚಾರ್ಯರು ಸೇಡಮ್ಮಿನಿಂದ ಹಿಂದಿನ ದಿನವೇ ಬಂದು ಇಳಿದರು. ಮಡಿ ಪಂಚೆ, ಪೂಜೆಯ ಪಂಚಪಾತ್ರೆ, ಎಲ್ಲ ಕಟ್ಟಿಕೊಂಡೇ ಬಂದಿದ್ದರು.

"ವೈನಿ, ಹೋದ ದ್ವಾದಶಿದು ಕೇಳೀನಿ. ನಾಳಿ ಅಣ್ಣ ಅರ್ಧಕ್ಕ ನಿಂತ್ರ ನಾ ಒಳಗ ಹೋಗ್ತೀನಿ. ದೇವರನ್ನ ಅರ್ಧ ಪೂಜಾದಾಗ ಬಿಡಲಿಕ್ಕೆ ಬರಂಗಿಲ್ಲ."

"ನಿಂತ್ರ ಹೋಗು. ನಿಲ್ಲದಿದ್ರ?"

"ಏಕಾದಶಿ ಉಪವಾಸ ಬಿಟ್ಟು ಆ ಕಾಳು ಕೊಡ್ತೀರೇನು ಹಂಗಾದ್ರ?"

ಬಾಯಾರು ಗಂಡನ ಕಡೆ ನೋಡಿದರು. ನಾನು ಕಟ್ಟೆಯ ಕೆಳಗೆ ಸೇವಂತಿಗೆ ಕಟ್ಟುತ್ತ ಕೂತಿದ್ದೆ. ಸಂಜೆ ಇಳಿಯುತ್ತಿತ್ತು. ಕಾಳು ನುಂಗುವ ಹೊತ್ತು ಅದೇ, ಇನ್ನೂ ತಡವಾದರೆ ಜಾವಕ್ಕೆ ಒದಗುವಂತಿರಲಿಲ್ಲ.

ಆಚಾರ್ಯರು ಬೆಳಗಿನಿಂದ ಏನೋ ಲೆಕ್ಕ ಹಾಕುತ್ತಿದ್ದರು. ಈಗ ಕೇಳಿದರು, "ವಿಠ್ಠಲಾ, ಏಕಾದಶಿಗೆ ತೀರ್ಥ ತಗೋತೀವಲ್ಲ, ಎಷ್ಟು ಸಲ?"

"ಒಂದೇ ಸಲ. ಉಳದ ದಿನ ಮೂರು."

"ನಾ ಇವತ್ತ ಮುಂಜಾನಿ ತಗೊಂಡಿಲ್ಲ. ಆ ಒಂದು ತೀರ್ಥ ಹಂಗೇ ಅದ. ಔಷಧ ಉಪವಾಸ ಕೆಡಸಂಗಿಲ್ಲ ಅಂತ ಹಿರಿಯರು ಹೇಳ್ಯಾರೋ ಇಲ್ಲೋ?"

"ಹೇಳ್ಯಾರ. ಆದ್ರ ನಾಲಿಗಿ ಚಪಲಕ್ಕಂತ ಹೇಳಿಲ್ಲ."

"ಇದರಾಗ ಚಪಲ ಏನದ ಮಹಾರಾಯ? ಒಂದು ಕಾಳು ಕಡದು ನೋಡು ಬೇಕಾದ್ರ. ನಿನ್ನ ಬಾಯಾಗಿನ ವಾರದ ರುಚಿ ಎಲ್ಲಾ ಹೋಗ್ತದ."

ಬಾಯಾರು ಬಟ್ಟಲಿಗೆ ಕಾಳು ಸುರಿದು ತಂದರು. ಆಚಾರ್ಯರು ಅಂಗೈಯಲ್ಲಿ ಕಾಳು ಹಾಕಿಕೊಂಡು, ಉದ್ಧರಣೆಯಲ್ಲಿ ತೀರ್ಥ ತೆಗೆದು, ಕಣ್ಣು ಮುಚ್ಚಿ, ಎರಡನ್ನೂ ಒಂದೇ ಸಲ ಬಾಯಿಗೆ ಬಿಟ್ಟುಕೊಂಡರು. ಬಾಯಾರ ತುಟಿ "ಅಗೀಬ್ಯಾಡ್ರಿ" ಎಂದು ಆಡುತ್ತಿತ್ತು, ದನಿ ಬರಲಿಲ್ಲ. ಆಚಾರ್ಯರ ಗಂಟಲು ಮೇಲೆ ಕೆಳಗೆ ಆಡಿದ್ದನ್ನು ನಾವು ಮೂವರೂ ನೋಡಿದೆವು.

ದ್ವಾದಶಿಯ ಜಾವ ನಾನು ಕಟ್ಟೆಗೆ ಬಂದಾ‌ಗ ವಿಠ್ಠಲಾಚಾರ್ಯರು ತಣ್ಣೀರು ಮಿಂದು ಒದ್ದೆ ಮಡಿಯಲ್ಲಿ ಗರ್ಭಗುಡಿಯ ಬಾಗಿಲಿಗೇ ನಿಂತಿದ್ದರು. ಚಳಿಗೆ ಅವರ ಹಲ್ಲು ಕಟಕಟ ಎನ್ನುತ್ತಿದ್ದವು. ಒಳಗೆ ಆಚಾರ್ಯರು ನಿರ್ಮಾಲ್ಯ ತೆಗೆದರು, ಅಭಿಷೇಕ ಶುರುವಾಯಿತು. ಒಂದು ಕಡೆ ದನಿ ನಿಂತಿತು. ಬಾಯಾರು ಅಡುಗೆ ಮನೆಯಲ್ಲಿ ಹುಗ್ಗಿಯ ಸೌಟು ಹಿಡಿದವರು ಹಾಗೇ ನಿಂತರು. ವಿಠ್ಠಲಾಚಾರ್ಯರು ಒಂದು ಕಾಲು ಹೊಸ್ತಿಲ ಒಳಗೆ ಇಟ್ಟರು.

ಒಳಗಿಂದ ಒಂದು ಉದ್ದನೆ ಉಸಿರು ಕೇಳಿಸಿತು. ತಿದಿ ಅಲ್ಲ, ಬರೀ ಉಸಿರು. ಆಮೇಲೆ ಮಂತ್ರ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು. ವಿಠ್ಠಲಾಚಾರ್ಯರು ಕಾಲು ಹಿಂದೆ ತೆಗೆದುಕೊಂಡರು. ಮಂಗಳಾರತಿಯ ಹೊತ್ತಿಗೆ ಗಂಟೆಯ ಹಗ್ಗ ಹಿಡಿದು ತಾವೇ ಬಾರಿಸಿದರು. ಆಗ ಮೂಡಣ ಇನ್ನೂ ಬೂದಿ ಬಣ್ಣದಲ್ಲೇ ಇತ್ತು.

ಪಾರಣೆಗೆ ಎಲೆ ಹಾಕಿದರು. ಆಚಾರ್ಯರು ಹುಗ್ಗಿಯನ್ನು ಚೆನ್ನಾಗಿ ಅಗಿದು ಅಗಿದು ಉಂಡರು. ವಿಠ್ಠಲಾಚಾರ್ಯರು ಎರಡನೆಯ ಸಲ ತುಪ್ಪ ಹಾಕಿಸಿಕೊಂಡು, ಸ್ವಲ್ಪ ಸಣ್ಣ ದನಿಯಲ್ಲಿ ಹೇಳಿದರು:

"ವೈನಿ, ಮುಂದಿನ ಧನುರ್ಮಾಸಕ್ಕ ನನ್ನ ಕರೀಬ್ಯಾಡ್ರಿ ಹಂಗಾರ."

"ಯಾಕ, ಉಣ್ಣಲಿಕ್ಕೆ ಬಾ" ಅಂದರು ರುಕ್ಮಿಣಿಬಾಯಿ, ಇನ್ನೊಂದು ಸೌಟು ಬಡಿಸುತ್ತ. "ಪಂಚಪಾತ್ರಿ ಹೊತ್ಕೊಂಡು ಬರಬ್ಯಾಡ, ಭಾರ ಆಗ್ತದ."

ವಿಠ್ಠಲಾಚಾರ್ಯರು ಮಧ್ಯಾಹ್ನದ ಗಾಡಿಗೆ ಹೋದರು. ವಾಡಿಯಲ್ಲಿ ಗಾಡಿ ಬದಲಿಸಬೇಕು, ಚಿತ್ತಾಪುರ ದಾಟಿ ಸೇಡಂ. ಒಣಗದ ಮಡಿ ಪಂಚೆಯನ್ನು ಬಾಯಾರೇ ಹಿಂಡಿ ಗಂಟು ಕಟ್ಟಿಕೊಟ್ಟರು. ಪಾಳಿ ಆಮೇಲೆ ಹೊಸ ಶತಮಾನ ಬಂದ ಮೇಲೂ ಆ ಮನೆಯಲ್ಲೇ ಇತ್ತು. ಸಂಜೆಯಾದರೆ ಆ ಕಟ್ಟೆಯ ಮುಂದೆ ಹಾದು ಹೋಗುವವರಿಗೆ ಒಳಗಿಂದ "ಅಗೀಬ್ಯಾಡ್ರಿ" ಎಂಬ ದನಿ ಕೇಳುತ್ತಿತ್ತು.